ಸೈಕಲ್ ಸೀಟಿಗೂ ಗಾಳಿ: ಏರ್ ಸೀಟ್ ಹೇಗೆ ಕೆಲಸ ಮಾಡುತ್ತದೆ?

ಮಳೆ ಬಿಟ್ಟು ಬಿಸಿಲು ಬಿದ್ದರೆ ಸಾಕು, ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ಕಡೆಗೆ ಬೆಳಿಗ್ಗೆ ಸೈಕಲ್ ತುಳಿಯುವವರು ಜಾಸ್ತಿಯಾಗುತ್ತಾರೆ. ಮಂಡಿಗೆ ಪೆಟ್ಟು, ಓಡಬೇಡಿ ಎಂದು ಡಾಕ್ಟರು ಹೇಳಿದವರು ಇರುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಎಂದು ಐವತ್ತು ದಾಟಿದ ಮೇಲೆ ಸೈಕಲ್ ಹತ್ತಿದವರೂ ಇರುತ್ತಾರೆ. ಮೊದಲ ವಾರ ಮುಗಿಯುವುದರೊಳಗೆ ಇವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಕಾಲು ಪರವಾಗಿಲ್ಲ, ಉಸಿರೂ ಪರವಾಗಿಲ್ಲ, ಕೂರೋ ಜಾಗ ಮಾತ್ರ ಸಿಕ್ಕಾಪಟ್ಟೆ ನೋಯುತ್ತೆ.

ಮೊಬೈಲ್‌ನಲ್ಲಿ ಹುಡುಕಿದರೆ ಉತ್ತರವಾಗಿ ಬರುವುದು 'ಏರ್ ಸೀಟ್' ಅಥವಾ 'ಏರ್ ಸೀಟ್ ಕವರ್'. ಹೊರಗೆ ಬಟ್ಟೆ, ಒಳಗೆ ರಬ್ಬರಿನಂಥ ಚೀಲ, ಅಡಿಯಲ್ಲಿ ಕಿರುಬೆರಳಿನಷ್ಟು ಸಣ್ಣ ವಾಲ್ವ್. ಇರುವ ಸೀಟಿನ ಮೇಲೆ ಹಾಕಿ ದಾರ ಎಳೆದು ಕಟ್ಟಿದರೆ ಮುಗಿಯಿತು. ಕೆಲವರಿಗೆ ಇದು ತುಂಬ ಹಿಡಿಸುತ್ತದೆ. ಕೆಲವರು ಎರಡೇ ದಿನಕ್ಕೆ ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ. ಹೀಗೇಕೆ ಎಂದು ತಿಳಿಯಬೇಕಾದರೆ ನೋವು ಎಲ್ಲಿಂದ ಬರುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ನೋವು ಮೂಳೆಯದೋ, ನರದ್ದೋ?

ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂತು ಎರಡೂ ಅಂಗೈಗಳನ್ನು ಅಡಿಗೆ ಇಟ್ಟು ನೋಡಿ. ಎರಡು ಗಟ್ಟಿ ಉಬ್ಬುಗಳು ಕೈಗೆ ಒತ್ತುತ್ತವೆ. ಅವು ಸೊಂಟದ ಮೂಳೆಯ ತಳಭಾಗ. ಸುಲಭಕ್ಕೆ 'ಕೂರುವ ಮೂಳೆ' ಎನ್ನೋಣ. ಇವೆರಡರ ನಡುವಿನ ಅಂತರ ಸಾಮಾನ್ಯವಾಗಿ 10ರಿಂದ 14 ಸೆಂಟಿಮೀಟರ್. ಹೆಂಗಸರಲ್ಲಿ ಸರಾಸರಿ ನೋಡಿದರೆ ಸ್ವಲ್ಪ ಜಾಸ್ತಿ. ಸೈಕಲ್ ಸೀಟು ದೇಹದ ಭಾರ ಹೊರಬೇಕಾದದ್ದು ಈ ಎರಡು ಮೂಳೆಗಳ ಮೂಲಕ. ಅವು ಅದಕ್ಕೇ ಇರುವ ಜಾಗ.

ಎರಡು ಮೂಳೆಗಳ ನಡುವೆ ಇರುವುದು ಮೆದು ಜಾಗ. ಜನನಾಂಗಕ್ಕೆ ಹೋಗುವ ನರ, ರಕ್ತನಾಳಗಳು ಅಲ್ಲೇ ಹಾದುಹೋಗುತ್ತವೆ. ಭಾರ ಹೊರಲು ಈ ಜಾಗ ಮಾಡಿದ್ದಲ್ಲ. ಸೀಟು ಕಿರಿದಾಗಿದ್ದರೆ ಕೂರುವ ಮೂಳೆಗಳು ಸೀಟಿನ ಅಂಚಿನಿಂದ ಹೊರಗೆ ಉಳಿಯುತ್ತವೆ. ಆಗ ಭಾರವೆಲ್ಲ ನಡುವಿನ ಮೆದು ಜಾಗಕ್ಕೆ ಬೀಳುತ್ತದೆ. ಹ್ಯಾಂಡಲ್ ತೀರಾ ಕೆಳಗಿದ್ದು ಮುಂದಕ್ಕೆ ಬಗ್ಗಿ ತುಳಿದರೂ ಹಾಗೇ. ಸೊಂಟ ಮುಂದಕ್ಕೆ ಬಾಗಿ, ಸೀಟಿನ ಮೂತಿ ಅಲ್ಲಿಗೇ ಒತ್ತುತ್ತದೆ.

ಹಾಗಾಗಿ ನೋವಿನಲ್ಲಿ ಎರಡು ಬಗೆ. ಮೂಳೆಯ ಹತ್ತಿರ ಮೂಕಪೆಟ್ಟು ಬಿದ್ದಂತೆ ನೋಯುವುದು ಒಂದು. ಹೊಸಬರಿಗೆ ಇದು ಇದ್ದದ್ದೇ, ದಿನಾ ಸ್ವಲ್ಪ ಸ್ವಲ್ಪ ತುಳಿದರೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ನಡುವಿನ ಜಾಗ ಜೋಮು ಹಿಡಿಯುವುದು ಇನ್ನೊಂದು. ಇದು ಅಭ್ಯಾಸವಾಗಲಿ ಎಂದು ಕಾಯುವ ವಿಷಯ ಅಲ್ಲ. ನರದ ಮೇಲೆ ಒತ್ತಡ ಬೀಳುತ್ತಿದೆ, ರಕ್ತದ ಓಡಾಟ ಕಡಿಮೆಯಾಗಿದೆ ಎಂದು ಮೈ ಹೇಳುತ್ತಿದೆ. ನಮ್ಮಲ್ಲಿ ಇದನ್ನು ಹೇಳಿಕೊಳ್ಳಲು ನಾಚಿಕೆ. ಗಂಡಸರೂ ಹೇಳುವುದಿಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. ಸುಮ್ನೆ ಸೈಕಲ್ ಬಿಟ್ಟುಬಿಡುತ್ತಾರೆ. ಈ ಲೇಖನ ಬರೆಯಬೇಕು ಅನ್ನಿಸಿದ್ದೂ ಅದಕ್ಕೇ.

ತೊಡೆಯ ಸಂದು ಉಜ್ಜಿ ಕೆಂಪಾಗುವುದು ಬೇರೆ ವಿಷಯ. ಅದಕ್ಕೆ ಬೆವರು, ಜೀನ್ಸಿನ ದಪ್ಪ ಹೊಲಿಗೆ ಕಾರಣ. ಬಟ್ಟೆ ಬದಲಿಸಿದರೆ ಸರಿಹೋಗುತ್ತದೆ.

ಭಾರ ಅಷ್ಟೇ, ಒತ್ತಡ ಬೇರೆ

ಸೊಪ್ಪಿನಬೆಟ್ಟದಿಂದ ಹೊರೆ ತರುವವರು ತಲೆಗೆ ಸಿಂಬೆ ಇಟ್ಟುಕೊಳ್ಳುತ್ತಾರಲ್ವಾ? ಸಿಂಬೆಯಿಂದ ಹೊರೆಯ ತೂಕ ಒಂದು ಗ್ರಾಮೂ ಕಮ್ಮಿಯಾಗುವುದಿಲ್ಲ. ಆದರೂ ಹೊರುವುದು ಸುಲಭವಾಗುತ್ತದೆ. ನೆತ್ತಿಯ ಒಂದೇ ಬಿಂದುವಿಗೆ ಬೀಳುವ ಭಾರವನ್ನು ಅದು ಸುತ್ತಲೂ ಹಂಚುತ್ತದೆ. ಜೊತೆಗೆ ನಡುವೆ ತೂತು ಇರುವುದರಿಂದ ನೆತ್ತಿಗೆ ಏನೂ ತಾಗುವುದಿಲ್ಲ. ಭಾರ ಹಂಚಬೇಕು, ಮೆದು ಜಾಗ ಬಿಡಬೇಕು. ಒಳ್ಳೆಯ ಸೈಕಲ್ ಸೀಟಿನ ಕೆಲಸವೂ ಇವೆರಡೇ.

ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಕದವರು ನೆಟ್ಟಗೆ ಕೂತು ತುಳಿಯುತ್ತಿದ್ದಾರೆ ಎಂದುಕೊಳ್ಳಿ. ಕೈಗೆ, ಪೆಡಲ್ಲಿಗೆ ಹೋದದ್ದು ಬಿಟ್ಟು ಸೀಟಿನ ಮೇಲೆ ಅಂದಾಜು 40 ಕಿಲೋ ಬೀಳುತ್ತದೆ. ಗಟ್ಟಿ ಸೀಟಿನಲ್ಲಿ ಈ ಭಾರ ಎರಡು ಮೂಳೆಗಳ ಅಡಿಯ 40 ಚದರ ಸೆಂಟಿಮೀಟರ್ ಜಾಗಕ್ಕೆ ಸೇರಿಹೋದರೆ, ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋ. ಅದೇ ಭಾರ 200 ಚದರ ಸೆಂಟಿಮೀಟರಿಗೆ ಹರಡಿದರೆ 200 ಗ್ರಾಂ ಮಾತ್ರ. ತೂಕ ಅಷ್ಟೇ ಇದೆ, ಒತ್ತಡ ಐದರಲ್ಲೊಂದು ಭಾಗವಾಯಿತು.

ಹಾಗೆಂದು 200 ಗ್ರಾಂ ಕಡಿಮೆಯೇನೂ ಅಲ್ಲ. ಚರ್ಮದ ಕೆಳಗಿನ ಅತಿ ಸಣ್ಣ ರಕ್ತನಾಳಗಳ ಒಳಗಿನ ಒತ್ತಡ ಸುಮಾರು 30 ಮಿಲಿಮೀಟರ್ ಪಾದರಸ. ನಮ್ಮ ಲೆಕ್ಕದಲ್ಲಿ ಹೇಳಿದರೆ ಚದರ ಸೆಂಟಿಮೀಟರಿಗೆ 40 ಗ್ರಾಂ ಇದ್ದೀತು. ಅದಕ್ಕಿಂತ ಜಾಸ್ತಿ ಒತ್ತಡ ತುಂಬ ಹೊತ್ತು ಬಿದ್ದರೆ ಅಲ್ಲಿ ರಕ್ತ ಸರಿಯಾಗಿ ಓಡಾಡುವುದಿಲ್ಲ. ಎಷ್ಟೇ ದುಡ್ಡಿನ ಸೀಟು ಹಾಕಿದರೂ ನಡುನಡುವೆ ಪೆಡಲ್ ಮೇಲೆ ಎದ್ದು ನಿಲ್ಲಬೇಕು ಎನ್ನುವುದು ಇದಕ್ಕೇ. ಹತ್ತು ನಿಮಿಷಕ್ಕೊಮ್ಮೆ ಕೆಲವು ಸೆಕೆಂಡ್ ಎದ್ದರೂ ರಕ್ತ ವಾಪಸ್ ಹರಿಯುತ್ತದೆ.

ಸ್ಪಂಜಿಗೂ ಗಾಳಿಗೂ ಏನು ವ್ಯತ್ಯಾಸ?

ಸಾಮಾನ್ಯ ಸೀಟಿನಲ್ಲಿ ರೆಕ್ಸಿನ್ ಅಡಿಗೆ ಸ್ಪಂಜು ಇರುತ್ತದೆ. ಸ್ಪಂಜಿಗೆ ಒಂದು ಗುಣ ಇದೆ: ಎಲ್ಲಿ ಹೆಚ್ಚು ಅದುಮುತ್ತೀರೋ ಅಲ್ಲಿ ಅದು ಹೆಚ್ಚು ತಿರುಗಿ ಒತ್ತುತ್ತದೆ. ಮೂಳೆಯ ಕೆಳಗೆ ಪೂರ್ತಿ ಅದುಮಿ ಹೋಗಿ ತಳದ ಪ್ಲಾಸ್ಟಿಕ್ಕೇ ಸಿಗುತ್ತದೆ. ಪಕ್ಕದಲ್ಲಿ ಮಾತ್ರ ಉಬ್ಬಿಕೊಂಡಿರುತ್ತದೆ. ತೀರಾ ಮೆತ್ತಗಿನ ಸ್ಪಂಜು ಅಂಗಡಿಯಲ್ಲಿ ಬೆರಳಿಂದ ಒತ್ತಿದಾಗ ಹಿತ ಅನ್ನಿಸಿದರೂ ಹತ್ತು ಕಿಲೋಮೀಟರ್ ಆದ ಮೇಲೆ ನೋಯಿಸುತ್ತದೆ. ಮೂಳೆ ಒಳಕ್ಕೆ ಇಳಿಯುತ್ತದೆ, ನಡುವಿನ ಸ್ಪಂಜು ಮೇಲಕ್ಕೆ ಎದ್ದು ಮೆದು ಜಾಗಕ್ಕೆ ಒತ್ತುತ್ತದೆ. ಜೆಲ್ ಸೀಟಿನದೂ ಹೆಚ್ಚು ಕಡಿಮೆ ಇದೇ ಕತೆ.

ಗಾಳಿಯ ಗುಣ ಬೇರೆ. ಮುಚ್ಚಿದ ಚೀಲದ ಒಂದು ಕಡೆ ಅದುಮಿದರೆ ಅಲ್ಲಿನ ಗಾಳಿ ಪಕ್ಕಕ್ಕೆ ಹೋಗುತ್ತದೆ. ಕೊನೆಗೆ ಚೀಲದ ಒಳಗೆ ಎಲ್ಲ ಕಡೆ ಒಂದೇ ಒತ್ತಡ ನಿಲ್ಲುತ್ತದೆ. ಇದು ಫ್ರಾನ್ಸಿನ ಪ್ಯಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ ನಿಯಮ. ಮೂಳೆ ಎಷ್ಟು ಆಳಕ್ಕೆ ಇಳಿದರೂ ಅಲ್ಲಿ ಮಾತ್ರ ಗಾಳಿ ಹೆಚ್ಚು ಒತ್ತುವುದಿಲ್ಲ. ಮೂಳೆಗೂ ಅದರ ಸುತ್ತಲಿನ ಮಾಂಸಕ್ಕೂ ಒಂದೇ ಸಮ. ಭಾರ ಹಂಚುವ ವಿಷಯದಲ್ಲಿ ಗಾಳಿ ಸ್ಪಂಜಿಗಿಂತ ಮೇಲು ಎನ್ನುವುದು ಇದರಿಂದಲೇ.

ಸೀಟಿಗೆ ಗಾಳಿ ತುಂಬುವ ಯೋಚನೆ ಹೊಸದೇನಲ್ಲ. ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ತಮ್ಮ ಮಗನ ಟ್ರೈಸಿಕಲ್ಲಿಗೆಂದು ಗಾಳಿ ಟೈರು ಮಾಡಿ, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1890ರ ದಶಕದಲ್ಲೇ ಗಾಳಿ ತುಂಬಿದ ಸೀಟುಗಳೂ ಮಾರಾಟಕ್ಕೆ ಬಂದವು. ಟೈರು ಉಳಿಯಿತು, ಸೀಟು ಬಳಕೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಈ ಯೋಚನೆ ಚೆನ್ನಾಗಿ ಬೆಳೆದದ್ದು ಆಸ್ಪತ್ರೆಯಲ್ಲಿ. ಹಾಸಿಗೆ ಹಿಡಿದ ಹಿರಿಯರಿಗೆ ಬೆನ್ನು ಹುಣ್ಣಾಗದಿರಲಿ ಎಂದು ಏರ್ ಬೆಡ್ ತರುವುದು ಈಗ ನಮ್ಮೂರುಗಳಲ್ಲೂ ಗೊತ್ತಿರುವ ವಿಷಯ. ವೀಲ್‌ಚೇರ್‌ನಲ್ಲಿ ದಿನವಿಡೀ ಕೂರುವವರಿಗಾಗಿ ಅಮೆರಿಕದ ರೋಹೋ ಕಂಪನಿ ಸಾಲುಸಾಲು ಗಾಳಿಗುಳ್ಳೆಗಳ ದಿಂಬು ಮಾಡಿತು. ಬೈಕಿನ ಸೀಟಿನ ಮೇಲೆ ಹಾಕುವ ಗಾಳಿ ದಿಂಬುಗಳೂ ಅದೇ ಜಾತಿಯವು.

ಗಾಳಿಯ ಗುಣವೇ ಗಾಳಿಯ ತೊಂದರೆ

ಎಲ್ಲ ಕಡೆ ಸಮನಾಗಿ ಒತ್ತುತ್ತದೆ ಎಂದೆವು. ಎಲ್ಲ ಕಡೆ ಎಂದರೆ ಮೆದು ಜಾಗವೂ ಬಂತು! ಗಾಳಿಗೆ ಮೂಳೆ ಯಾವುದು, ನರ ಯಾವುದು ಎಂದು ಗೊತ್ತಿಲ್ಲ. ಅಗ್ಗದ ಕವರುಗಳಲ್ಲಿ ಸೀಟಿನ ಉದ್ದಕ್ಕೂ ಒಂದೇ ಚೀಲ ಇರುತ್ತದೆ. ಅದರಲ್ಲಿ ಕೂತರೆ ಮೂಳೆನೋವು ತಗ್ಗುತ್ತದೆ, ಆದರೆ ಜೋಮು ಹಾಗೇ ಉಳಿಯಬಹುದು. ಕೆಲವರಿಗೆ ಜಾಸ್ತಿಯೂ ಆಗಬಹುದು. ಎರಡು ದಿನಕ್ಕೆ ಬಿಚ್ಚಿ ಎಸೆದವರ ದೂರು ಹೆಚ್ಚಾಗಿ ಇಲ್ಲಿಯದು.

ಇನ್ನೊಂದು ತೊಂದರೆ ಹೊಯ್ದಾಟ. ಬಲಗಾಲು ಪೆಡಲ್ ಒತ್ತಿದಾಗ ಸೊಂಟ ಆ ಕಡೆಗೆ ವಾಲುತ್ತದೆ. ಬಲಗಡೆಯ ಗಾಳಿ ಎಡಕ್ಕೆ ಓಡುತ್ತದೆ. ಮರುಕ್ಷಣ ಎಡಗಾಲು, ಗಾಳಿ ವಾಪಸ್ ಬಲಕ್ಕೆ. ನಿಮಿಷಕ್ಕೆ ಅರವತ್ತು ಸಲ ಪೆಡಲ್ ಸುತ್ತುವವರು ಅಷ್ಟೂ ಸಲ ಆ ಕಡೆ ಈ ಕಡೆ ಜಾರುತ್ತಿರುತ್ತಾರೆ. ಇದರಿಂದ ಶಕ್ತಿಯೂ ಪೋಲು, ಚರ್ಮವೂ ಉಜ್ಜುತ್ತದೆ.

ಒಳ್ಳೆಯ ಏರ್ ಸೀಟಿನ ವಿನ್ಯಾಸ ಈ ಎರಡು ತೊಂದರೆಗಳಿಗೆ ಉತ್ತರ ಹುಡುಕಿರುತ್ತದೆ. ಕೊಳ್ಳುವ ಮೊದಲು ಕವರನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಕೋಣೆ ಇದೆಯೇ? ನಡುವೆ ಹಿಂದಿನಿಂದ ಮುಂದಕ್ಕೆ ಉದ್ದನೆಯ ಕಾಲುವೆಯೋ ತೂತೋ ಬಿಟ್ಟಿದ್ದಾರೆಯೇ? ಕೆಲವದರಲ್ಲಿ ಜೇನುಹಟ್ಟಿನ ಹಾಗೆ ಸಣ್ಣ ಸಣ್ಣ ಗುಳ್ಳೆಗಳಿದ್ದು, ಒಂದರಿಂದ ಇನ್ನೊಂದಕ್ಕೆ ಗಾಳಿ ಹೋಗಲು ಕಿರಿದಾದ ದಾರಿ ಇರುತ್ತದೆ. ದಾರಿ ಕಿರಿದಾದಷ್ಟೂ ಗಾಳಿ ನಿಧಾನವಾಗಿ ಹರಿಯುತ್ತದೆ, ಹೊಯ್ದಾಟ ತಗ್ಗುತ್ತದೆ. ಗುಂಡಿಗೆ ಬಿದ್ದಾಗ ಆಗುವ ಪೆಟ್ಟನ್ನೂ ಆ ಕಿರುದಾರಿಯೇ ತಿನ್ನುತ್ತದೆ. ಗಾಳಿ ಅಲ್ಲಿ ತಿಕ್ಕಾಡಿಕೊಂಡು ಹೋಗಬೇಕಾದ್ದರಿಂದ ಸೀಟು ಚೆಂಡಿನಂತೆ ಮೇಲಕ್ಕೆ ಪುಟಿಯುವುದಿಲ್ಲ.

ಮೂತಿಯೇ ಇಲ್ಲದ ಸೀಟು

ಮೆದು ಜಾಗ ಬಿಡುವುದು ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಒಂದು ಅಧ್ಯಯನ ಇದೆ. ಅಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿದ್ದಾರೆ. ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಯಾಷ್, 90 ಪೊಲೀಸರಿಗೆ ಮುಂದಿನ ಮೂತಿಯೇ ಇಲ್ಲದ ಸೀಟು ಕೊಟ್ಟು ಆರು ತಿಂಗಳು ನೋಡಿತು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಜೋಮು ಹಿಡಿಯುತ್ತದೆ ಎಂದವರು ಶೇಕಡಾ 73. ಆರು ತಿಂಗಳ ನಂತರ ಶೇಕಡಾ 18.

ಇಲ್ಲಿ ಗಮನಿಸಬೇಕಾದ್ದು, ಈ ಬದಲಾವಣೆ ತಂದದ್ದು ಮೆತ್ತೆಯಲ್ಲ, ಆಕಾರ. ಮೂತಿ ಇಲ್ಲದ ಸೀಟಿಗೆ ಹೊಂದಿಕೊಳ್ಳಲು ಸಮಯ ಬೇಕು. ತಿರುವಿನಲ್ಲಿ ತೊಡೆಯಿಂದ ಸೈಕಲ್ ಹಿಡಿತಕ್ಕೆ ತೆಗೆದುಕೊಳ್ಳುವುದು ಸೀಟಿನ ಮೂತಿಯಿಂದಲೇ. ಆಗುಂಬೆಯ 14 ತಿರುವುಗಳನ್ನು ಇಳಿಯುವವರು ಮೂತಿ ಇಲ್ಲದ ಸೀಟನ್ನು ಮೊದಲು ಊರೊಳಗೆ ಚೆನ್ನಾಗಿ ರೂಢಿಮಾಡಿಕೊಂಡೇ ಹೋಗಬೇಕು.

ಎಷ್ಟು ಗಾಳಿ ಹಾಕಬೇಕು?

ಏರ್ ಸೀಟ್ ಕೊಂಡವರು ತಪ್ಪುವುದು ಹೆಚ್ಚಾಗಿ ಇಲ್ಲೇ. ಟೈರಿಗೆ ಹೊಡೆಸುವಂತೆ ಸೀಟಿಗೂ ಗಟ್ಟಿಯಾಗಿ ಗಾಳಿ ತುಂಬುತ್ತಾರೆ. ಟಣ್ ಎನ್ನುವಷ್ಟು ತುಂಬಿದ ಚೀಲ ಗಟ್ಟಿ ಸೀಟೇ. ಮೂಳೆ ಒಳಗೆ ಇಳಿಯುವುದಿಲ್ಲ, ಭಾರ ಹರಡುವುದಿಲ್ಲ. ಸಾಲದ್ದಕ್ಕೆ ಸೀಟು ಉಬ್ಬಿ, ಕೂತವರು ಜಾರುತ್ತಾರೆ.

ಮೇಲಿನ ಲೆಕ್ಕದ 200 ಗ್ರಾಂ ಒತ್ತಡ, ಪೆಟ್ರೋಲ್ ಬಂಕಿನ ಮೀಟರ್ ಭಾಷೆಯಲ್ಲಿ ಸುಮಾರು 3 ಪಿಎಸ್ಐ. ಅದೂ ನೀವು ಕೂತ ಮೇಲೆ. ಖಾಲಿ ಇದ್ದಾಗ ಸೀಟು ಸಡಿಲವಾಗಿಯೇ ಇರಬೇಕು. ಸೈಕಲ್ ಟೈರಿಗೆ 40, 50 ಪಿಎಸ್ಐ ಬೇಕು, ಸೀಟಿಗೆ ಬಾಯಿಂದ ಊದಿದರೆ ಧಾರಾಳ ಸಾಕು. ಬಂಕಿನ ಪೈಪು, ಕಾಲಿನ ಪಂಪು ಎರಡನ್ನೂ ಸೀಟಿನ ಹತ್ತಿರ ತರಬೇಡಿ. ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಸರಿಯಾದ ಅಳತೆ ಕಂಡುಹಿಡಿಯುವುದು ಹೀಗೆ. ಮೊದಲು ಸ್ವಲ್ಪ ಜಾಸ್ತಿಯೇ ಊದಿ. ಸೈಕಲ್ಲನ್ನು ಗೋಡೆಗೆ ಒರಗಿಸಿ, ತುಳಿಯುವಾಗ ಹೇಗೆ ಕೂರುತ್ತೀರೋ ಹಾಗೇ ಕೂರಿ. ಒಂದು ಕೈ ಅಡಿಗೆ ಹಾಕಿ ವಾಲ್ವ್ ಅನ್ನು ಚೂರು ಚೂರೇ ಬಿಡಿ. ಮೈ ನಿಧಾನಕ್ಕೆ ಕೆಳಗಿಳಿಯುವುದು ಗೊತ್ತಾಗುತ್ತದೆ. ಕೂರುವ ಮೂಳೆ ಕೆಳಗಿನ ಹಳೇ ಸೀಟಿಗೆ ತಾಗುವ ಮೊದಲು ನಿಲ್ಲಿಸಿ. ವೀಲ್‌ಚೇರ್ ದಿಂಬಿಗೆ ಅರ್ಧದಿಂದ ಒಂದು ಇಂಚು ಅಂತರ ಇರಲಿ ಎನ್ನುತ್ತಾರೆ, ಕೈ ತೂರಿಸಿ ನೋಡುತ್ತಾರೆ. ಸೈಕಲ್ ಕವರು ಅಷ್ಟು ದಪ್ಪ ಇರುವುದಿಲ್ಲ. ಆದ್ದರಿಂದ ಬೆರಳಿನ ದಪ್ಪದಷ್ಟು ಗಾಳಿ ಉಳಿದರೂ ಸಾಕು. ಆಮೇಲೆ ಐದಾರು ಕಿಲೋಮೀಟರ್ ತುಳಿದು ಇನ್ನೊಮ್ಮೆ ನೋಡಿ. ಗುಂಡಿ ಬಂದಾಗ ಮೂಳೆಗೆ ಟಕ್ ಎಂದು ಬಡಿದರೆ ಒಂದು ಉಸಿರು ಹೆಚ್ಚು ಬೇಕು.

ಬಿಸಿಲು, ಘಾಟಿ, ಮಳೆ

ಬಿಸಿಯಾದರೆ ಗಾಳಿ ಹಿಗ್ಗುತ್ತದೆ. ಬೆಳಿಗ್ಗೆ 20 ಡಿಗ್ರಿಯಲ್ಲಿ ಹದ ಮಾಡಿದ ಸೀಟನ್ನು ಬಿಸಿಲಲ್ಲಿ ನಿಲ್ಲಿಸಿ, ಒಳಗಿನ ಗಾಳಿ 45 ಡಿಗ್ರಿಗೆ ಬಂತು ಎನ್ನಿ. ಗಾಳಿ ಸುಮಾರು ಶೇಕಡಾ 8ರಷ್ಟು ಹಿಗ್ಗುತ್ತದೆ. ಚೀಲಕ್ಕೆ ಹಿಗ್ಗಲು ಜಾಗ ಇಲ್ಲದಿದ್ದರೆ ಒತ್ತಡ 1 ಪಿಎಸ್ಐಗಿಂತ ಜಾಸ್ತಿ ಏರುತ್ತದೆ. ಇಷ್ಟು ಏರಿದರೂ 50 ಪಿಎಸ್ಐ ಇರುವ ಟೈರಿಗೆ ಏನೂ ಅನ್ನಿಸುವುದಿಲ್ಲ. 3 ಪಿಎಸ್ಐ ಇರುವ ಸೀಟಿಗೆ ಅದು ದೊಡ್ಡದು. ಕಪ್ಪು ಬಣ್ಣದ ಕವರಾದರೆ ಇನ್ನೂ ಬೇಗ ಬಿಸಿಯಾಗುತ್ತದೆ. ನೆರಳಲ್ಲಿ ನಿಲ್ಲಿಸಿ.

ಘಾಟಿ ಹತ್ತುವಾಗಲೂ ಹೀಗೇ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. ಪ್ರತಿ 100 ಮೀಟರಿಗೆ ಶೇಕಡಾ 1ಕ್ಕಿಂತ ತುಸು ಜಾಸ್ತಿ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ ಇದೆ. ಉಡುಪಿಯ ಕಡಲ ಹತ್ತಿರ ಹದ ಮಾಡಿದ ಸೀಟು ಆಗುಂಬೆ ಮುಟ್ಟುವಾಗ ಬಿಗಿಯಾಗಿರುತ್ತದೆ. ಮೇಲಿಂದ ಕೆಳಗೆ ಹೋದರೆ ಸಡಿಲವಾಗುತ್ತದೆ. ಇಳಿದ ಮೇಲೆ ಸೋಮೇಶ್ವರದಲ್ಲಿ ಸೀಟು ಮೆತ್ತಗಾದದ್ದು ನೋಡಿ ಪಂಕ್ಚರ್ ಎಂದು ಗಾಬರಿಯಾಗಬೇಕಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ನಡುವೆ ಓಡಾಡುವವರಿಗೆ ಈ ತಲೆನೋವು ಇಲ್ಲ. ಊರುಗಳ ಎತ್ತರದಲ್ಲಿ ಅಂಥ ವ್ಯತ್ಯಾಸವಿಲ್ಲ.

ಮಳೆಯ ವಿಷಯಕ್ಕೆ ಬಂದರೆ ಮಲೆನಾಡಿನಲ್ಲಿ ಏರ್ ಸೀಟಿಗೆ ಒಂದು ಹೆಚ್ಚುಗಾರಿಕೆ ಇದೆ. ರೆಕ್ಸಿನ್ ಹರಿದ ಸ್ಪಂಜಿನ ಸೀಟು ಜೂನ್‌ನಲ್ಲಿ ನೀರು ಕುಡಿದರೆ ಸೆಪ್ಟೆಂಬರ್‌ವರೆಗೂ ಪೂರ್ತಿ ಒಣಗುವುದಿಲ್ಲ. ಕೂತ ಕೂಡಲೇ ಪ್ಯಾಂಟು ಒದ್ದೆ, ಜೊತೆಗೆ ಮುಗ್ಗಲು ವಾಸನೆ. ಗಾಳಿಚೀಲ ನೀರು ಕುಡಿಯುವುದಿಲ್ಲ, ಒರೆಸಿದರೆ ಆಯಿತು. ಆದರೆ ಹೊರಗಿನ ಬಟ್ಟೆಯ ಕವರು ಒದ್ದೆಯಾಗುತ್ತದೆ, ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲಕ್ಕೆ ಬಿಚ್ಚಿ ಒಣಗಿಸಲು ಬರುವಂಥದ್ದನ್ನೇ ಆರಿಸಿ. ಮುಳ್ಳು ತಾಗಿ ತೂತಾದರೆ ಊದಿದ ಚೀಲವನ್ನು ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ಬರುವ ಜಾಗ ಹುಡುಕಬೇಕು. ಚೀಲ ರಬ್ಬರಿನದಾದರೆ ಟ್ಯೂಬಿನ ಪ್ಯಾಚೇ ನಡೆಯುತ್ತದೆ. ಪ್ಲಾಸ್ಟಿಕ್ ಜಾತಿಯದಾದರೆ ಆ ಪ್ಯಾಚು ಹಿಡಿಯುವುದಿಲ್ಲ, ಅದಕ್ಕೆ ಬೇರೆ ಅಂಟು ಬೇಕು.

ಕವರ್ ಹಾಕಿದ ಮೇಲೆ ಸೀಟು ಇಳಿಸಿ

ಕವರ್ ಹಾಕಿದರೆ ಕೂರುವ ಎತ್ತರ ಒಂದೆರಡು ಸೆಂಟಿಮೀಟರ್ ಏರುತ್ತದೆ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎತ್ತರ ಜಾಸ್ತಿಯಾದರೆ ಪೆಡಲ್ ಕೆಳಗೆ ಹೋದಾಗಲೆಲ್ಲ ಸೊಂಟ ವಾಲಿಸಿ ಕಾಲು ಚಾಚಬೇಕು. ಆಗ ಯಾವ ಮೆತ್ತೆ ಹಾಕಿದರೂ ಉಜ್ಜುವುದು ತಪ್ಪದು. ಅಳತೆ ಸುಲಭ: ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಮಂಡಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಮಾಮೂಲಿಯಾಗಿ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ, ಅದೇ ಸರಿ.

ಸೀಟಿನ ಮಟ್ಟವನ್ನೂ ನೋಡಿ. ಮೂತಿ ಮೇಲಕ್ಕೆ ಎದ್ದಿದ್ದರೆ ಜೋಮು ಖಂಡಿತ. ತೀರಾ ಕೆಳಗೆ ಬಾಗಿದ್ದರೆ ಮುಂದಕ್ಕೆ ಜಾರಿ ಅಂಗೈ ನೋಯುತ್ತದೆ. ಸೀಟಿನ ಅಡಿಯ ಬೋಲ್ಟ್ ಸಡಿಲಿಸಿ ಮಟ್ಟ ಮಾಡಲು ಸೈಕಲ್ ಶಾಪಿನವರಿಗೆ ಎರಡು ನಿಮಿಷದ ಕೆಲಸ. ಏರ್ ಸೀಟಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿಸಿ ನೋಡಿ ಎಂದೇ ನಾನು ಹೇಳುವುದು. ಎಷ್ಟೋ ಜನರ ನೋವು ಇಲ್ಲಿಗೇ ಮುಗಿಯುತ್ತದೆ.

ಯಾರಿಗೆ ಒಗ್ಗುತ್ತದೆ?

ಹಳೇ ಕಪ್ಪು ಸೈಕಲ್ಲಿನಲ್ಲೋ, 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಯೋಜನೆಯಲ್ಲಿ ಶಾಲೆ ಮಕ್ಕಳಿಗೆ ಸಿಕ್ಕಂಥ ಸಾದಾ ಸೈಕಲ್ಲಿನಲ್ಲೋ ನೆಟ್ಟಗೆ ಕೂತು ತುಳಿಯುವವರ ಭಾರವೆಲ್ಲ ಸೀಟಿಗೇ ಬೀಳುತ್ತದೆ. ಅಂಥವರಿಗೆ, ಅದರಲ್ಲೂ ವಯಸ್ಸಾಗಿ ಪೃಷ್ಠದ ಮಾಂಸ ಕರಗಿದವರಿಗೆ, ಎರಡು ಕೋಣೆಯ ಅಗಲ ಏರ್ ಕವರ್ ಚೆನ್ನಾಗಿ ಒಗ್ಗುತ್ತದೆ. ಅಡಿಯಲ್ಲಿ ಸ್ಪ್ರಿಂಗ್ ಇದ್ದರೆ ಅದನ್ನು ತೆಗೆಸಬೇಡಿ. ರಸ್ತೆಯ ದೊಡ್ಡ ಗುಂಡಿ, ಹಂಪುಗಳ ಪೆಟ್ಟನ್ನು ಸ್ಪ್ರಿಂಗ್ ನೋಡಿಕೊಳ್ಳಲಿ, ಭಾರ ಹಂಚುವುದನ್ನು ಗಾಳಿ ನೋಡಿಕೊಳ್ಳಲಿ.

ಗೇರ್ ಸೈಕಲ್ಲಿನಲ್ಲಿ ಬಗ್ಗಿ, ಜೋರಾಗಿ, ದೂರ ತುಳಿಯುವವರಿಗೆ ಕವರ್ ಅಷ್ಟಾಗಿ ಹಿಡಿಸುವುದಿಲ್ಲ. ಅವರಿಗೆ ತಮ್ಮ ಮೂಳೆಯ ಅಳತೆಗೆ ತಕ್ಕ ಅಗಲದ, ನಡುವೆ ತೂತು ಬಿಟ್ಟ, ತುಸು ಗಟ್ಟಿ ಸೀಟೇ ಮೇಲು. ಒಳಗೆ ಮೆತ್ತೆ ಇರುವ ಸೈಕ್ಲಿಂಗ್ ಚಡ್ಡಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಸೀಟು, ಎತ್ತರ, ಗಾಳಿ ಎಲ್ಲ ಸರಿಮಾಡಿಕೊಂಡ ಮೇಲೂ ಜೋಮು ಬರುತ್ತಿದ್ದರೆ, ಅಥವಾ ಸೈಕಲ್ ಇಳಿದು ತುಂಬ ಹೊತ್ತಾದರೂ ಬಿಡದಿದ್ದರೆ, ಸ್ವಲ್ಪ ದಿನ ತುಳಿಯುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎಷ್ಟು ಹೊತ್ತು ತುಳಿಯುತ್ತೀರಿ, ಎಂಥ ಸೀಟು, ಜೋಮು ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಾಚಿಕೊಳ್ಳದೆ ಹೇಳಿ. ಅದನ್ನು ಕೇಳಿಯೇ ಅವರು ಯಾವ ನರಕ್ಕೆ ಒತ್ತುತ್ತಿದೆ ಎಂದು ಅಂದಾಜು ಮಾಡುವುದು.